ಶ್ವಾಸಕೋಶ ಕಸಿಯ ನಂತರ ರಕ್ತದಲ್ಲಿ ಎಣಿಸುವ ಆ ನಾಲ್ಕಾರು ಕೋಶಗಳು

ಶ್ವಾಸಕೋಶ ಕಸಿಯಾದವರ ರಕ್ತದಲ್ಲಿ, ರಕ್ತನಾಳದ ಒಳಗೋಡೆಯಿಂದ ಉದುರಿದ ಕೋಶಗಳನ್ನು ಎಣಿಸುವ ಒಂದು ಪರೀಕ್ಷೆ ಇದೆ. ಅದಕ್ಕೆ ರಕ್ತ ತೆಗೆಯುವಾಗ ಮೊದಲು ತುಂಬಿದ ಟ್ಯೂಬನ್ನು ಪಕ್ಕಕ್ಕಿಡುತ್ತಾರೆ. ಎರಡನೆಯದನ್ನೋ ಮೂರನೆಯದನ್ನೋ ಮಾತ್ರ ಕಳಿಸುತ್ತಾರೆ. ಮೊದಲ ಟ್ಯೂಬಿನಲ್ಲಿರುವುದೂ ಅದೇ ತೋಳಿನ, ಅದೇ ನಿಮಿಷದ ರಕ್ತ. ಮತ್ತೆ ಅದು ಯಾಕೆ ಬೇಡ? ಸೂಜಿ ಒಳಗೆ ಹೋಗುವಾಗ ರಕ್ತನಾಳದ ಒಳಗೋಡೆಯನ್ನು ಸ್ವಲ್ಪ ಕೆರೆದುಕೊಂಡೇ ಹೋಗುತ್ತದೆ. ಹಾಗೆ ಕಿತ್ತುಬಂದ ಕೋಶಗಳು ಮೊದಲ ಹರಿವಿನ ಜೊತೆ ಟ್ಯೂಬಿಗೆ ಇಳಿದುಬಿಡುತ್ತವೆ. ನಾವು ಎಣಿಸಲು ಹೊರಟಿರುವುದೂ ಅಂಥವೇ ಕೋಶಗಳನ್ನು. ಸೂಜಿ ಕೆರೆದ ಕೋಶ ಯಾವುದು, ಮೈಯೊಳಗೆ ಎಲ್ಲೋ ತಾನಾಗಿ ಉದುರಿದ ಕೋಶ ಯಾವುದು ಅಂತ ಆಮೇಲೆ ಬೇರೆ ಮಾಡೋಕೆ ಆಗಲ್ಲ.

ಒಂದು ಸೂಜಿಗೀರಿಗೇ ಲೆಕ್ಕ ಕೆಡುತ್ತದೆ ಅಂದರೆ ಈ ಕೋಶಗಳು ಎಷ್ಟು ಕಡಿಮೆ ಇರಬೇಕು ಯೋಚಿಸಿ. ಆರೋಗ್ಯವಂತರ ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು 500 ಕೋಟಿ ಕೆಂಪು ರಕ್ತಕಣಗಳಿರುತ್ತವೆ. ಬಿಳಿ ರಕ್ತಕಣಗಳು 40 ಲಕ್ಷದಿಂದ ಒಂದು ಕೋಟಿಯ ಆಸುಪಾಸು. ರಕ್ತನಾಳದ ಗೋಡೆಯಿಂದ ಉದುರಿ ತೇಲುತ್ತಿರುವ ಈ ಕೋಶಗಳು? ಸಾಮಾನ್ಯವಾಗಿ ಹತ್ತರ ಒಳಗೆ, ಜಾಸ್ತಿ ಅಂದರೆ ಇಪ್ಪತ್ತು. ಕೆಲವು ಸಲ ಒಂದೂ ಸಿಗುವುದಿಲ್ಲ.

ಇವುಗಳ ಹೆಸರು ಎಂಡೋಥೀಲಿಯಲ್ ಕೋಶಗಳು. ಹೆಸರು ಉದ್ದ, ವಿಷಯ ಸರಳ. ನಮ್ಮ ದೇಹದ ಪ್ರತಿಯೊಂದು ರಕ್ತನಾಳದ ಒಳಮೈಗೂ ಒಂದೇ ಒಂದು ಪದರದ ಕೋಶಗಳ ಹೊದಿಕೆ ಇದೆ. ಹೃದಯದಿಂದ ಹೊರಡುವ ದೊಡ್ಡ ನಾಳದಿಂದ ಹಿಡಿದು ಕೂದಲಿಗಿಂತ ಎಷ್ಟೋ ಸಪೂರವಾದ ಲೋಮನಾಳದವರೆಗೆ ಎಲ್ಲೆಡೆ ಇದೇ ಹೊದಿಕೆ. ನೆಲಕ್ಕೆ ಹಾಸಿದ ಕಲ್ಲುಚಪ್ಪಡಿಗಳ ಹಾಗೆ ಈ ಕೋಶಗಳು ಒಂದಕ್ಕೊಂದು ಅಂಟಿಕೊಂಡು ಕೂತಿರುತ್ತವೆ. ಆದರೆ ಚಪ್ಪಡಿಯ ಹಾಗೆ ಸುಮ್ನೆ ಬಿದ್ದುಕೊಂಡಿರುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು, ನಾಳ ಹಿಗ್ಗಬೇಕೋ ಕುಗ್ಗಬೇಕೋ ಹೇಳುವುದು, ಯಾವ ಬಿಳಿ ರಕ್ತಕಣ ಹೊರಗೆ ಇಳಿಯಬೇಕು ಅಂತ ತೀರ್ಮಾನಿಸುವುದು, ನೀರು ಸೋರದಂತೆ ತಡೆಯುವುದು, ಎಲ್ಲವೂ ಇವುಗಳ ಕೆಲಸವೇ. ವಯಸ್ಸಾದ ಕೋಶ ಆಗೊಂದು ಈಗೊಂದು ಕಳಚಿಕೊಳ್ಳುತ್ತದೆ, ಪಕ್ಕದವು ಹರಡಿಕೊಂಡು ಜಾಗ ತುಂಬುತ್ತವೆ. ಆರೋಗ್ಯವಂತರಲ್ಲೂ ನಾಲ್ಕಾರು ಸಿಗುವುದು ಈ ಕಾರಣಕ್ಕೆ. ಗೋಡೆಗೆ ಪೆಟ್ಟು ಬಿದ್ದಾಗ ಮಾತ್ರ ಸಂಖ್ಯೆ ಏರುತ್ತದೆ.

ಶ್ವಾಸಕೋಶದಲ್ಲಿ ಈ ಹೊದಿಕೆಗೆ ವಿಶೇಷ ಸ್ಥಾನ ಇದೆ. ಬೇರೆ ಅಂಗಗಳಿಗೆ ಹೃದಯದಿಂದ ಹೊರಟ ರಕ್ತದಲ್ಲಿ ಒಂದೊಂದು ಪಾಲು ಸಿಗುತ್ತದೆ, ಶ್ವಾಸಕೋಶಕ್ಕೆ ಹಾಗಲ್ಲ, ನಿಮಿಷಕ್ಕೆ ಸುಮಾರು ಐದು ಲೀಟರಿನ ಇಡೀ ಹರಿವು ಅದರ ಮೂಲಕವೇ ಹಾದು ಹೋಗಬೇಕು. ಅಲ್ಲಿ 30ರಿಂದ 50 ಕೋಟಿ ಗಾಳಿಚೀಲಗಳಿವೆ, ಪ್ರತಿಯೊಂದನ್ನೂ ಲೋಮನಾಳಗಳ ಬಲೆ ಸುತ್ತಿಕೊಂಡಿದೆ. ಗಾಳಿ ಮತ್ತು ರಕ್ತದ ನಡುವಿನ ಗೋಡೆ ಎಷ್ಟು ತೆಳು ಅಂದರೆ, ತೀರಾ ತೆಳುವಾದ ಕಡೆ ಅರ್ಧ ಮೈಕ್ರಾನ್ ಕೂಡ ಇಲ್ಲ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಆ ಗೋಡೆಯ ರಕ್ತದ ಕಡೆಯ ಮುಖವೇ ಎಂಡೋಥೀಲಿಯಲ್ ಕೋಶ. ಅದು ಸಡಿಲವಾದರೆ ರಕ್ತದ ನೀರಿನಂಶ ಗಾಳಿಚೀಲಕ್ಕೆ ಸೋರುತ್ತದೆ. ಗಾಳಿ ಇರಬೇಕಾದ ಜಾಗದಲ್ಲಿ ನೀರು ನಿಂತರೆ ಆಮ್ಲಜನಕ ದಾಟುವುದಾದರೂ ಹೇಗೆ?

ಈಗ ಕಸಿಯ ದಾರಿ ನೋಡೋಣ. ದಾನಿಯ ದೇಹದಲ್ಲಿ ಮಿದುಳು ನಿಷ್ಕ್ರಿಯವಾದಾಗಲೇ ರಕ್ತದೊತ್ತಡ, ಹಾರ್ಮೋನು ಎಲ್ಲ ಏರುಪೇರಾಗಿ ಶ್ವಾಸಕೋಶದ ನಾಳಗಳಿಗೆ ಮೊದಲ ಏಟು ಬಿದ್ದಿರುತ್ತದೆ. ಆಮೇಲೆ ತಣ್ಣಗಿನ ದ್ರಾವಣವನ್ನು ನಾಳಗಳೊಳಗೆ ಹರಿಸಿ, ರಕ್ತವನ್ನೆಲ್ಲ ತೊಳೆದು, ಶ್ವಾಸಕೋಶವನ್ನು ಹೊರತೆಗೆದು ತಂಪಿನಲ್ಲಿ ಸಾಗಿಸುತ್ತಾರೆ. ಇದಕ್ಕೆ ಹಲವು ಗಂಟೆ ಹಿಡಿಯುತ್ತದೆ. ತಂಪಿನಲ್ಲಿ ಕೋಶದ ಖರ್ಚು ಕಡಿಮೆಯಾಗುತ್ತದೆ, ಆದರೆ ಪೂರ್ತಿ ನಿಲ್ಲುವುದಿಲ್ಲ. ಒಳಗಿನ ಶಕ್ತಿಯ ದಾಸ್ತಾನು ಇಳಿಯುತ್ತಾ ಹೋಗುತ್ತದೆ, ಕೋಶಕ್ಕೆ ಆಕಾರ ಕೊಡುವ ಎಳೆಗಳು ಸಡಿಲವಾಗುತ್ತವೆ, ಹಿಂದಿನ ಗೋಡೆಗೆ ಹಿಡಿದುಕೊಂಡಿದ್ದ ಕೊಂಡಿಗಳ ಬಿಗಿ ತಪ್ಪುತ್ತದೆ. ಕಸಿ ಪಡೆಯುವವರ ಎದೆಯಲ್ಲಿ ಹೊಲಿಗೆ ಮುಗಿಸಿ, ರಕ್ತ ತಡೆದು ಹಿಡಿದಿದ್ದ ಕ್ಲಾಂಪ್ ಬಿಟ್ಟಾಗ ಬೆಚ್ಚಗಿನ ರಕ್ತ ಒಮ್ಮೆಲೇ ನುಗ್ಗುತ್ತದೆ. ಪೆಟ್ಟು ನಿಜವಾಗಿ ಜೋರಾಗುವುದು ಆಗಲೇ. ಆಮ್ಲಜನಕ ಮರಳಿ ಬಂದಾಗ ಅದರ ಉಗ್ರ ರೂಪಗಳು ಹುಟ್ಟಿಕೊಳ್ಳುತ್ತವೆ, ಬಿಳಿ ರಕ್ತಕಣಗಳು ಗೋಡೆಗೆ ಅಂಟಿ ಪ್ರೋಟೀನು ಕರಗಿಸುವ ಕಿಣ್ವಗಳನ್ನು ಉಗುಳುತ್ತವೆ, ಮೊದಲೇ ಸಡಿಲವಾಗಿದ್ದ ಕೋಶ ಹರಿವಿನ ಒತ್ತಡಕ್ಕೆ ಕಳಚಿಕೊಳ್ಳುತ್ತದೆ.

ಈ ಹಂತದ ಹಾನಿ ದೊಡ್ಡದಾದರೆ ಅದಕ್ಕೆ ಪ್ರೈಮರಿ ಗ್ರಾಫ್ಟ್ ಡಿಸ್‌ಫಂಕ್ಷನ್ ಅನ್ನುತ್ತಾರೆ. ಕಸಿಯಾದ ಮೊದಲ 72 ಗಂಟೆಗಳಲ್ಲಿ ಕಾಣಿಸಿಕೊಳ್ಳುವ ತೊಂದರೆ ಇದು. ಎಕ್ಸ್‌ರೇಯಲ್ಲಿ ಶ್ವಾಸಕೋಶ ಬೆಳ್ಳಗೆ ಮಬ್ಬಾಗುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ರಕ್ತದ ಆಮ್ಲಜನಕದ ಒತ್ತಡವನ್ನು, ಉಸಿರಿನಲ್ಲಿ ಕೊಡುತ್ತಿರುವ ಆಮ್ಲಜನಕದ ಪಾಲಿನಿಂದ ಭಾಗಿಸಿ ದರ್ಜೆ ಕೊಡುತ್ತಾರೆ. ಎಕ್ಸ್‌ರೇ ಮಬ್ಬಾಗಿದ್ದು ಆ ಅಂಕಿ 200ಕ್ಕಿಂತ ಕೆಳಗಿದ್ದರೆ ತೀರಾ ಗಂಭೀರವಾದ ಮೂರನೇ ದರ್ಜೆ. ಗಮನಿಸಿ, ಎಕ್ಸ್‌ರೇ ಆಗಲಿ ಆಮ್ಲಜನಕದ ಅಂಕಿ ಆಗಲಿ ತೋರಿಸುವುದು ಗೋಡೆ ಸೋರಿದ ಮೇಲಿನ ಪರಿಣಾಮವನ್ನು. ಗೋಡೆಯೇ ಎಷ್ಟು ಉದುರಿದೆ ಅಂತ ನೇರವಾಗಿ ನೋಡುವ ದಾರಿ ಇದ್ದರೆ ಒಳ್ಳೆಯದಲ್ವಾ ಅನ್ನುವ ಆಸೆಯಿಂದಲೇ ಈ ಕೋಶಗಳ ಎಣಿಕೆಯ ಮೇಲೆ ಸಂಶೋಧಕರ ಕಣ್ಣು ಬಿದ್ದದ್ದು.

ಇನ್ನೊಂದು ಕಾರಣವೂ ಇದೆ, ನನ್ನ ಮಟ್ಟಿಗೆ ಇದೇ ಮುಖ್ಯವಾದದ್ದು. ಕಸಿ ಮಾಡಿದ ಶ್ವಾಸಕೋಶದಲ್ಲಿ ದಾನಿಯ ಅಂಗಾಂಶಕ್ಕೂ ಪಡೆದವರ ರಕ್ತಕ್ಕೂ ಮೊದಲ ಮುಖಾಮುಖಿ ಆಗುವುದೇ ರಕ್ತನಾಳದ ಒಳಗೋಡೆಯಲ್ಲಿ. ಗಾಳಿಚೀಲದ ಕೋಶ ಹಿಂದೆ ಅಡಗಿದೆ, ಎಂಡೋಥೀಲಿಯಲ್ ಕೋಶ ಮಾತ್ರ ದಾನಿಯ ಗುರುತುಚೀಟಿಯಂತಿರುವ ಎಚ್‌ಎಲ್‌ಎ ಪ್ರೋಟೀನುಗಳನ್ನು ಮೈಮೇಲೆ ಹೊತ್ತು ಹಗಲೂ ರಾತ್ರಿ ಹರಿವಿಗೆ ಎದುರಾಗಿ ನಿಂತಿರುತ್ತದೆ. ಪಡೆದವರ ದೇಹದಲ್ಲಿ ಆ ಗುರುತಿನ ವಿರುದ್ಧ ಪ್ರತಿಕಾಯ ಹುಟ್ಟಿದರೆ ಅದು ಮೊದಲು ಅಂಟುವುದು ಇಲ್ಲೇ. ರಿಜೆಕ್ಷನ್ ಅಂದರೆ ಪಡೆದವರ ದೇಹ ಕಸಿಯಾದ ಅಂಗವನ್ನು ತನ್ನದಲ್ಲ ಅಂತ ತಿರಸ್ಕರಿಸುವುದು. ಸಾಮಾನ್ಯ ತೀವ್ರ ರಿಜೆಕ್ಷನ್‌ನಲ್ಲೂ ಬಿಳಿ ರಕ್ತಕಣಗಳು ಗುಂಪುಗೂಡುವುದು ಪುಟ್ಟ ರಕ್ತನಾಳಗಳ ಸುತ್ತಲೇ. ರೋಗಶಾಸ್ತ್ರಜ್ಞರು ಅದನ್ನು ನೋಡಿಯೇ ಎ0ಯಿಂದ ಎ4ವರೆಗೆ ದರ್ಜೆ ಕೊಡುತ್ತಾರೆ.

ಆ ದರ್ಜೆ ಕೊಡಬೇಕಾದರೆ ಬಯಾಪ್ಸಿ ಬೇಕು. ಮೂಗಿನಿಂದಲೋ ಬಾಯಿಂದಲೋ ಬ್ರಾಂಕೋಸ್ಕೋಪ್ ಅನ್ನುವ ಸಪೂರ ಕೊಳವೆ ಇಳಿಸಿ, ಶ್ವಾಸನಾಳದ ಗೋಡೆಯಾಚೆಗೆ ಪುಟ್ಟ ಇಕ್ಕಳ ಹಾಯಿಸಿ, ಶ್ವಾಸಕೋಶದ ಚೂರುಗಳನ್ನು ಕಿತ್ತು ತರಬೇಕು. ಕನಿಷ್ಠ ಐದು ಒಳ್ಳೆಯ ಚೂರು ಇರಲಿ ಅನ್ನುತ್ತಾರೆ. ಇದರಲ್ಲಿ ರಕ್ತಸ್ರಾವದ ಭಯ ಇದೆ, ಶ್ವಾಸಕೋಶ ತೂತಾಗಿ ಎದೆಯಲ್ಲಿ ಗಾಳಿ ತುಂಬಿಕೊಳ್ಳುವ ಭಯವೂ ಇದೆ. ಇಷ್ಟೆಲ್ಲ ಮಾಡಿಯೂ ರಿಜೆಕ್ಷನ್ ನಡೆಯುತ್ತಿರುವ ಜಾಗ ತಪ್ಪಿ ಪಕ್ಕದ ಚೂರು ಬಂದರೆ ಎಲ್ಲ ಸರಿಯಿದೆ ಅಂತಲೇ ವರದಿ ಬರುತ್ತದೆ. ಊದುವ ಪರೀಕ್ಷೆ ಇನ್ನೂ ತಡ. ಮೊದಲ ಒಂದು ಸೆಕೆಂಡಿನಲ್ಲಿ ಹೊರಹಾಕುವ ಗಾಳಿ, ಕಸಿಯ ನಂತರ ಮುಟ್ಟಿದ ಉತ್ತಮ ಮಟ್ಟಕ್ಕಿಂತ 20 ಶೇಕಡಾ ಇಳಿದು ಹಾಗೇ ಉಳಿದಾಗ ದೀರ್ಘಕಾಲದ ರಿಜೆಕ್ಷನ್ ಇರಬಹುದು ಅಂತ ಹೇಳುತ್ತಾರೆ. ಅಷ್ಟು ಹೊತ್ತಿಗೆ ಕಳೆದುಕೊಂಡದ್ದು ಮರಳಿ ಬರುವುದು ಕಷ್ಟ. ತೋಳಿನಿಂದ ಒಂದು ಟ್ಯೂಬ್ ರಕ್ತ ತೆಗೆದು ಮುಂಚೆಯೇ ಸುಳಿವು ಸಿಗುವುದಾದರೆ ಯಾರಿಗೆ ಬೇಡ ಹೇಳಿ.

ಸರಿ, 500 ಕೋಟಿಯ ನಡುವೆ ಹತ್ತನ್ನು ಹುಡುಕುವುದು ಹೇಗೆ? 1970ರ ದಶಕದಲ್ಲಿ ಸಂಶೋಧಕರು ರಕ್ತವನ್ನು ಗಿರಗಿರ ತಿರುಗಿಸಿ, ತೂಕದ ಪ್ರಕಾರ ಪದರ ಬೇರೆ ಮಾಡಿ, ಸೂಕ್ಷ್ಮದರ್ಶಕದಲ್ಲಿ ಆಕಾರ ನೋಡಿ ಎಣಿಸುತ್ತಿದ್ದರು. ಆಕಾರವೊಂದನ್ನೇ ನಂಬಿದರೆ ಮೋಸ ಹೋಗುವುದು ಸುಲಭ. 1990ರ ದಶಕದ ಆರಂಭದಲ್ಲಿ ಫ್ರಾನ್ಸ್‌ನ ಮಾರ್ಸೇಯ ತಂಡವೊಂದು ಎಂಡೋಥೀಲಿಯಲ್ ಕೋಶದ ಮೈಮೇಲಿನ ಒಂದು ಪ್ರೋಟೀನಿಗೆ ಅಂಟುವ ಪ್ರತಿಕಾಯವನ್ನು ಬಳಸಲು ಶುರು ಮಾಡಿದ ಮೇಲೆ ಚಿತ್ರ ಬದಲಾಯಿತು. ಆ ಪ್ರೋಟೀನಿನ ಹೆಸರು ಸಿಡಿ146. ಪ್ರತಿಕಾಯವನ್ನು ಪುಟಾಣಿ ಕಾಂತೀಯ ಮಣಿಗಳಿಗೆ ಅಂಟಿಸಿ ರಕ್ತಕ್ಕೆ ಬೆರೆಸುತ್ತಾರೆ. ಮಣಿ ಒಂದರ ಅಡ್ಡಳತೆ ಸುಮಾರು 4.5 ಮೈಕ್ರಾನ್, ಅಂದರೆ ಕೆಂಪು ರಕ್ತಕಣಕ್ಕಿಂತಲೂ ಚಿಕ್ಕದು. ಟ್ಯೂಬನ್ನು ತಂಪಿನಲ್ಲಿ ಮೆಲ್ಲಗೆ ಉರುಳಿಸುತ್ತಾ ಇಡುತ್ತಾರೆ, ಮಣಿಗಳು ಕೋಶಗಳನ್ನು ಹಿಡಿದುಕೊಳ್ಳುತ್ತವೆ. ಆಮೇಲೆ ಟ್ಯೂಬಿನ ಪಕ್ಕಕ್ಕೆ ಅಯಸ್ಕಾಂತ ಇಟ್ಟರೆ ಮಣಿಗಳೆಲ್ಲ ಗೋಡೆಗೆ ಸರಿದು ಕಂದು ಪಟ್ಟಿಯ ಹಾಗೆ ಕೂರುತ್ತವೆ. ಉಳಿದ ರಕ್ತವನ್ನು ಹೀರಿ ತೆಗೆದು, ತೊಳೆದು, ಮತ್ತೆ ತೊಳೆಯುತ್ತಾರೆ. ಇಲ್ಲಿ ಕೈ ಹಗುರ ಇರಬೇಕು. ಜೋರಾಗಿ ಅಲುಗಿಸಿದರೆ ಮಣಿಗಳ ಭಾರಕ್ಕೇ ಕೋಶ ಕೈತಪ್ಪುತ್ತದೆ.

ಇಷ್ಟಕ್ಕೇ ನಂಬುವಂತಿಲ್ಲ. ಬಿಳಿ ರಕ್ತಕಣಗಳಿಗೆ ಪ್ರತಿಕಾಯಗಳ ಬಾಲ ಹಿಡಿದುಕೊಳ್ಳುವ ಅಭ್ಯಾಸ ಇದೆ, ಅವೂ ಮಣಿ ಕಟ್ಟಿಕೊಂಡು ಬರುತ್ತವೆ. ಅದಕ್ಕೆ ಮೊದಲೇ ಆ ಹಿಡಿಕೆಗಳನ್ನು ಮುಚ್ಚುವ ದ್ರಾವಣ ಹಾಕುತ್ತಾರೆ. ಕೊನೆಗೆ ಇನ್ನೊಂದು ಗುರುತು ಬೇಕು. ಗೋರ್ಸ್ ಅನ್ನುವ ಹಳದಿ ಹೂವಿನ ಮುಳ್ಳುಪೊದೆಯ ಬೀಜದಿಂದ ತೆಗೆದ ಲೆಕ್ಟಿನ್ ಅನ್ನುವ ಪ್ರೋಟೀನು ಒಂದಿದೆ, ಅದು ಎಂಡೋಥೀಲಿಯಲ್ ಕೋಶದ ಮೈಮೇಲಿನ ಸಕ್ಕರೆಗೆ ಅಂಟುತ್ತದೆ. ಅದಕ್ಕೆ ಹಸಿರು ಹೊಳೆಯುವ ಬಣ್ಣ ಕಟ್ಟಿ ಬೆರೆಸುತ್ತಾರೆ. ಈಗ ಕತ್ತಲೆ ಕೋಣೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತವರು ಸ್ಲೈಡನ್ನು ಸಾಲುಸಾಲಾಗಿ ಸರಿಸುತ್ತಾ ಹೋಗುತ್ತಾರೆ. ಹೆಚ್ಚಿನ ಕಡೆ ಬರೀ ಮಣಿಗಳು ಚೆಲ್ಲಿರುತ್ತವೆ. ಎಲ್ಲೋ ಒಂದು ಕಡೆ ಹಸಿರಾಗಿ ಬೆಳಗುವ ಗುಂಡನೆಯ ಕೋಶ, ಅದರ ಮೈ ತುಂಬ ಹಣ್ಣಿಗೆ ಮುತ್ತಿದ ಇರುವೆಗಳ ಹಾಗೆ ಕಪ್ಪು ಮಣಿಗಳು. ಅಳತೆ 10 ಮೈಕ್ರಾನ್‌ಗಿಂತ ಜಾಸ್ತಿ ಇರಬೇಕು, ನಾಲ್ಕೈದಾದರೂ ಮಣಿ ಹಿಡಿದಿರಬೇಕು, ಹಸಿರು ಬಂದಿರಬೇಕು. ಮೂರೂ ಸೇರಿದರೆ ಒಂದು ಅಂತ ಲೆಕ್ಕ. ಕೆಲವು ಸಲ ಎರಡು ಮೂರು ಕೋಶಗಳು ಒಂದಕ್ಕೊಂದು ಅಂಟಿಕೊಂಡ ಹಾಳೆಯೇ ಸಿಗುತ್ತದೆ, ಗೋಡೆ ಹಾಗೇ ಎದ್ದುಬಂದಿದೆ ಅನ್ನುವುದನ್ನು ಅದಕ್ಕಿಂತ ಸ್ಪಷ್ಟವಾಗಿ ತೋರಿಸುವ ನೋಟ ಇನ್ನೊಂದಿಲ್ಲ.

ಬೇರೆ ದಾರಿಗಳೂ ಇವೆ. ಫ್ಲೋ ಸೈಟೋಮೀಟರ್ ಯಂತ್ರದಲ್ಲಿ ಕೋಶಗಳು ಒಂದೊಂದಾಗಿ ಲೇಸರಿನ ಮುಂದೆ ಹಾದುಹೋಗುತ್ತವೆ. ಸಿಡಿ146 ಇರಬೇಕು, ಬಿಳಿ ರಕ್ತಕಣದ ಗುರುತಾದ ಸಿಡಿ45 ಇರಬಾರದು ಅಂತ ನಿಯಮ ಹಾಕಿ ಎಣಿಸುತ್ತಾರೆ. ವೇಗ ಜಾಸ್ತಿ, ಕಣ್ಣಿಗೆ ಶ್ರಮ ಕಡಿಮೆ. ಆದರೆ ಯಂತ್ರಕ್ಕೆ ಕೋಶದ ಮುಖ ಕಾಣುವುದಿಲ್ಲ. ನಿಯಮವನ್ನು ಸ್ವಲ್ಪ ಸಡಿಲಿಸಿದರೆ ಕಸ, ಪ್ಲೇಟ್‌ಲೆಟ್ ಅಂಟಿದ ತುಣುಕು, ಟಿ ಕೋಶ ಅನ್ನುವ ಚುರುಕಾದ ಬಿಳಿ ರಕ್ತಕಣ ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಹೀಗಾಗಿ ಒಂದು ಲ್ಯಾಬಿನಲ್ಲಿ ಮಿಲಿಲೀಟರಿಗೆ 8 ಅಂತ ಬಂದದ್ದು ಇನ್ನೊಂದು ವಿಧಾನದಲ್ಲಿ ನೂರುಗಟ್ಟಲೆ ಅಂತ ಬರಬಹುದು. ಮಣಿಯ ವಿಧಾನ ಬಳಸುವ ಕೆಲವು ತಂಡಗಳು 2006ರಲ್ಲಿ ಒಟ್ಟು ಸೇರಿ ಒಂದೇ ರೀತಿ ಮಾಡೋಣ ಅಂತ ವಿಧಾನ ಬರೆದಿಟ್ಟವು. ಅದರ ಆಚೆಗೆ ಗೊಂದಲ ಮುಗಿದಿಲ್ಲ. ಎರಡು ಲ್ಯಾಬುಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಯಾವುದು ಜಾಸ್ತಿ ಅಂತ ಕೇಳುವುದು ತಪ್ಪು.

ಈ ಎಣಿಕೆ ಹುಟ್ಟಿದ್ದು ಶ್ವಾಸಕೋಶ ಕಸಿಗಾಗಿ ಅಲ್ಲ ಅನ್ನುವುದನ್ನೂ ಹೇಳಬೇಕು. ಹೃದಯಾಘಾತ, ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ರೋಗ, ಉಣ್ಣಿ ಹುಳ ಕಚ್ಚಿ ಬರುವ ಒಂದು ಜ್ವರ, ರಕ್ತನಾಳಗಳೇ ಉರಿಯುವ ವ್ಯಾಸ್ಕ್ಯುಲೈಟಿಸ್, ಮೂತ್ರಪಿಂಡ ಕಸಿ, ಇವೆಲ್ಲದರಲ್ಲೂ ಇದನ್ನು ನೋಡಿದ್ದಾರೆ. ವ್ಯಾಸ್ಕ್ಯುಲೈಟಿಸ್ ಉಲ್ಬಣಿಸಿದಾಗ ಸಂಖ್ಯೆ ನೂರು ದಾಟುವುದು, ಚಿಕಿತ್ಸೆ ಹಿಡಿದಂತೆ ಇಳಿಯುವುದು ಕಂಡಿದೆ. ಅಲ್ಲಿ ಸಿಕ್ಕ ಧೈರ್ಯದಿಂದಲೇ ಶ್ವಾಸಕೋಶ ಕಸಿಯಲ್ಲೂ ನೋಡೋಣ ಅನ್ನುವ ಯೋಚನೆ ಬೆಳೆದದ್ದು. ಶ್ವಾಸಕೋಶ ಕಸಿಗೆ ಹೊಸ ಅಳತೆಗೋಲು ಬೇಕೇ ಬೇಕು. 1963ರ ಜೂನ್ 11ರಂದು ಅಮೆರಿಕದ ಮಿಸಿಸಿಪಿಯಲ್ಲಿ ಜೇಮ್ಸ್ ಹಾರ್ಡಿ ಮೊದಲ ಸಲ ಮನುಷ್ಯನಿಗೆ ಶ್ವಾಸಕೋಶ ಕಸಿ ಮಾಡಿದಾಗ ರೋಗಿ ಬದುಕಿದ್ದು 18 ದಿನ. 1983ರಲ್ಲಿ ಟೊರಾಂಟೊದಲ್ಲಿ ಜೋಯಲ್ ಕೂಪರ್ ತಂಡ ದೀರ್ಘಕಾಲ ಬಾಳಿದ ಮೊದಲ ಯಶಸ್ಸು ಕಂಡಿತು. ಆಮೇಲೆ ಎಷ್ಟೋ ಮುಂದೆ ಬಂದಿದ್ದೇವೆ, ಆದರೂ ಕಸಿಯಾದವರಲ್ಲಿ ಅರ್ಧದಷ್ಟು ಮಂದಿ ಆರೇಳು ವರ್ಷಕ್ಕಿಂತ ಹೆಚ್ಚು ಉಳಿಯುವುದಿಲ್ಲ. ಹೃದಯ, ಮೂತ್ರಪಿಂಡ, ಯಕೃತ್ತಿನ ಕಸಿಗೆ ಹೋಲಿಸಿದರೆ ಇದು ನೋವಿನ ಅಂಕಿ.

ಹಾಗಾದರೆ ಸಂಖ್ಯೆ ಏರಿತು ಅಂದ ತಕ್ಷಣ ರಿಜೆಕ್ಷನ್ ಅಂತ ಹೇಳಬಹುದಾ? ಇಲ್ಲ. ಇಲ್ಲೇ ತುಂಬ ಜನ ಎಡವುವುದು, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲನೆಯ ತೊಡಕು ಲೆಕ್ಕದ್ದೇ. ಒಂದು ಮಿಲಿಲೀಟರಿನಲ್ಲಿ 4 ಕೋಶ ಸಿಕ್ಕಿತು ಅಂದುಕೊಳ್ಳಿ. ಅದೇ ವ್ಯಕ್ತಿಯ ಅದೇ ಹೊತ್ತಿನ ಇನ್ನೊಂದು ಮಿಲಿಲೀಟರಿನಲ್ಲಿ 2 ಸಿಗಬಹುದು, 7 ಸಿಗಬಹುದು. ಇದು ಲ್ಯಾಬಿನವರ ತಪ್ಪಲ್ಲ, ಅಪರೂಪದ ವಸ್ತುವನ್ನು ಎಣಿಸುವಾಗ ಆಕಸ್ಮಿಕ ತಾನಾಗಿ ಒಳಗೆ ಬರುತ್ತದೆ. 4 ಅಂತ ಎಣಿಸಿದಾಗ ನಿಜವಾದ ಸರಾಸರಿ 1ರಿಂದ 10ರ ನಡುವೆ ಎಲ್ಲಿಯಾದರೂ ಇರಬಹುದು. 100 ಅಂತ ಎಣಿಸಿದರೆ 80ರಿಂದ 120ರ ನಡುವೆ ಅಂತ ಗಟ್ಟಿಯಾಗಿ ಹೇಳಬಹುದು. ಹಾಗಾಗಿ 4 ಇದ್ದದ್ದು 8 ಆಯಿತು, ದುಪ್ಪಟ್ಟಾಯಿತು ಅಂತ ಗಾಬರಿಪಡುವುದರಲ್ಲಿ ಅರ್ಥ ಇಲ್ಲ. ಜಾಸ್ತಿ ರಕ್ತ ತೆಗೆದು ಎಣಿಸಿದರೆ ಅಳತೆ ಗಟ್ಟಿಯಾಗುತ್ತದೆ, ಆದರೆ ಆಗಲೇ ದಿನಾ ರಕ್ತ ಕೊಟ್ಟು ಸುಸ್ತಾದವರಿಂದ ಎಷ್ಟು ಅಂತ ತೆಗೆಯುವುದು?

ಎರಡನೆಯದು, ಕೋಶ ಬಂದದ್ದು ಎಲ್ಲಿಂದ ಅನ್ನುವುದು. ಶ್ವಾಸಕೋಶದ ನಾಳದಿಂದ ಕಳಚಿದ ಕೋಶ ಹೃದಯದ ಎಡಭಾಗಕ್ಕೆ ಹೋಗಿ, ಅಲ್ಲಿಂದ ಅಪಧಮನಿಗಳಿಗೆ ನೂಕಲ್ಪಟ್ಟು, ಬೆರಳಿನದೋ ಕರುಳಿನದೋ ಲೋಮನಾಳ ದಾಟಿದರೆ ಮಾತ್ರ ಸಿರೆಗೆ ಬರಬೇಕು. ಲೋಮನಾಳದ ಅಗಲ 5ರಿಂದ 10 ಮೈಕ್ರಾನ್. ಕೋಶದ ಅಳತೆ 10ರಿಂದ 50. ಜರಡಿಯಲ್ಲಿ ಸಿಕ್ಕಿಕೊಳ್ಳುವ ಕಾಳಿನ ಹಾಗೆ ಎಷ್ಟೋ ಕೋಶಗಳು ದಾರಿಯಲ್ಲೇ ಉಳಿಯುತ್ತವೆ. ತೋಳಿನ ಟ್ಯೂಬಿಗೆ ತಲುಪುವುದು ಉದುರಿದ್ದರಲ್ಲಿ ಒಂದು ಪಾಲು. ಸಾಲದ್ದಕ್ಕೆ, ಟ್ಯೂಬಿನಲ್ಲಿ ಸಿಕ್ಕ ಕೋಶ ಕಾಲಿನ ನಾಳದ್ದೂ ಆಗಿರಬಹುದು.

ಮೂರನೆಯದು ಕಾರಣ. ಕಸಿಯಾದವರ ಮೈಯಲ್ಲಿ ರಕ್ತನಾಳ ಕೆಡಿಸುವ ಸಂಗತಿಗಳಿಗೆ ಬರ ಇಲ್ಲ. ದೊಡ್ಡ ಶಸ್ತ್ರಚಿಕಿತ್ಸೆಯೇ ಒಂದು ಪೆಟ್ಟು. ರಕ್ತವನ್ನು ಹೊರಗೆ ಹರಿಸಿ ಆಮ್ಲಜನಕ ಕೊಡುವ ಯಂತ್ರ ಹಾಕಿದ್ದರೆ ಅದು ಇನ್ನೊಂದು. ರಿಜೆಕ್ಷನ್ ತಡೆಯಲು ಕೊಡುವ ಟ್ಯಾಕ್ರೋಲಿಮಸ್, ಸೈಕ್ಲೋಸ್ಪೋರಿನ್ ಔಷಧಗಳೂ ನಾಳದ ಗೋಡೆಗೆ ಅಷ್ಟು ಒಳ್ಳೆಯವಲ್ಲ. ಆಮೇಲೆ ಬಿಪಿ, ಸಕ್ಕರೆ ಕಾಯಿಲೆ, ಸೋಂಕು. ಸೈಟೋಮೆಗಾಲೋವೈರಸ್ ಅಂತ ಒಂದಿದೆ, ರೋಗನಿರೋಧಕ ಶಕ್ತಿ ತಗ್ಗಿಸಿದವರಲ್ಲಿ ತಲೆ ಎತ್ತುವ ವೈರಸ್. ಅದು ಎಂಡೋಥೀಲಿಯಲ್ ಕೋಶದೊಳಗೇ ಮನೆ ಮಾಡಿ ಅದನ್ನು ಊದಿಸಿ ಕಿತ್ತು ರಕ್ತಕ್ಕೆ ಬಿಡುತ್ತದೆ. 1990ರ ದಶಕದಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಹೀಗೆ ವೈರಸ್ ತುಂಬಿದ ದೈತ್ಯ ಕೋಶಗಳನ್ನು ರೋಗಿಗಳ ರಕ್ತದಲ್ಲಿ ಕಂಡಿದ್ದರು. ರಿಜೆಕ್ಷನ್ ಆದರೆ ಔಷಧ ಹೆಚ್ಚಿಸಬೇಕು, ವೈರಸ್ ಆದರೆ ಸಾಧಾರಣವಾಗಿ ತಗ್ಗಿಸಬೇಕು. ಒಂದೇ ಅಂಕಿ, ಎದುರುಬದುರು ಚಿಕಿತ್ಸೆ. ಆದ್ದರಿಂದ ಬರೀ ಎಣಿಕೆ ನೋಡಿ ಔಷಧ ಬದಲಿಸುವುದು ಅಪಾಯ ಅಂತ ನಾನು ಖಂಡಿತವಾಗಿ ಹೇಳುತ್ತೇನೆ.

ಮತ್ತೆ ಇದರಿಂದ ಪ್ರಯೋಜನ ಏನು? ಒಂದು ಸಲದ ಅಂಕಿಯಿಂದ ಹೆಚ್ಚೇನೂ ಇಲ್ಲ. ಒಬ್ಬರದೇ ರಕ್ತವನ್ನು, ಒಂದೇ ಲ್ಯಾಬಿನಲ್ಲಿ, ಒಂದೇ ವಿಧಾನದಲ್ಲಿ, ಮತ್ತೆ ಮತ್ತೆ ಎಣಿಸಿ ಏರಿಳಿತ ನೋಡಿದರೆ ಅದು ಮಾತಾಡಲು ಶುರು ಮಾಡುತ್ತದೆ. ಕಸಿಗೆ ಮುಂಚಿನ ಒಂದು ಅಂಕಿ ಇರಲೇಬೇಕು, ಏಕೆಂದರೆ ಕಾಯಿಲೆಯಿಂದ ಕೆಟ್ಟ ಶ್ವಾಸಕೋಶ ಹೊತ್ತವರಲ್ಲಿ ಮೊದಲೇ ಸಂಖ್ಯೆ ಹೆಚ್ಚಿರಬಹುದು. ಕಸಿಯಾದ ಕೂಡಲೇ ಏರುವುದು ನಿರೀಕ್ಷಿತವೇ. ನೋಡಬೇಕಾದ್ದು ಅದು ಎಷ್ಟು ಬೇಗ ಇಳಿಯಿತು, ಇಳಿದು ನೆಮ್ಮದಿಯಾಗಿ ನಿಂತದ್ದು ಮತ್ತೆ ಯಾವಾಗ ತಲೆ ಎತ್ತಿತು ಅನ್ನುವುದನ್ನು. ಅದು ಎದ್ದ ದಿನ ಊದುವ ಪರೀಕ್ಷೆ, ವೈರಸ್ ಪರೀಕ್ಷೆ, ದಾನಿಯ ವಿರುದ್ಧದ ಪ್ರತಿಕಾಯ, ಔಷಧದ ಮಟ್ಟ, ಎಲ್ಲವನ್ನೂ ಪಕ್ಕದಲ್ಲಿಟ್ಟು ಓದಬೇಕು. ಸದ್ಯಕ್ಕೆ ಶ್ವಾಸಕೋಶ ಕಸಿಯಾದವರ ದಿನನಿತ್ಯದ ತಪಾಸಣೆಯಲ್ಲಿ ಈ ಎಣಿಕೆ ಸೇರಿಲ್ಲ, ಇದು ಸಂಶೋಧನೆಯ ಕೈಯಲ್ಲೇ ಇರುವ ಅಳತೆ.

ಅದಕ್ಕೆ ಪೈಪೋಟಿಯೂ ಇದೆ. ದಾನಿಯ ಕೋಶ ಸತ್ತಾಗ ಒಡೆದು ರಕ್ತಕ್ಕೆ ಬೀಳುವ ಡಿಎನ್‌ಎ ತುಣುಕುಗಳನ್ನು ಅಳೆಯುವ ಪರೀಕ್ಷೆ ಈಗ ಬಂದಿದೆ. ಅದಕ್ಕೆ ಕೋಶ ಇಡಿಯಾಗಿ ಉಳಿದಿರಬೇಕಿಲ್ಲ, ಲೋಮನಾಳದ ಜರಡಿಯ ಕಾಟ ಇಲ್ಲ, ದಾನಿಯದೇ ಅಂತ ಖಚಿತವಾಗಿ ಗೊತ್ತಾಗುತ್ತದೆ. ಆದರೆ ಆ ಡಿಎನ್‌ಎ ಗಾಳಿಚೀಲದ ಕೋಶದ್ದೋ ರಕ್ತನಾಳದ ಕೋಶದ್ದೋ ಅಂತ ಅದು ಸುಲಭಕ್ಕೆ ಹೇಳುವುದಿಲ್ಲ. ಇಡೀ ಕೋಶ ಕೈಗೆ ಸಿಕ್ಕರೆ ಆ ಪ್ರಶ್ನೆಯೇ ಇಲ್ಲ. ಅದರ ಮೈಮೇಲಿನ ಗುರುತುಗಳನ್ನು ಓದಬಹುದು, ಒಳಗೆ ವೈರಸ್ ಇದೆಯಾ ನೋಡಬಹುದು, ಸಾಯುತ್ತಾ ಬಂದದ್ದೋ ಜೀವಂತ ಕಿತ್ತದ್ದೋ ತಿಳಿಯಬಹುದು.

ಯಾರದು ಅಂತಲೂ ಕೇಳಬಹುದು. ದಾನಿ ಗಂಡು, ಪಡೆದವರು ಹೆಣ್ಣು ಆಗಿದ್ದರೆ ಇದು ತುಂಬ ಚೆಂದವಾಗಿ ಕೆಲಸ ಮಾಡುತ್ತದೆ. ಮಣಿ ಹಿಡಿದು ತಂದ ಹಸಿರು ಕೋಶದ ಮೇಲೆ, ಗಂಡಸರ ಕೋಶದಲ್ಲಿರುವ ವೈ ಕ್ರೋಮೋಸೋಮಿಗೆ ಮಾತ್ರ ಅಂಟುವ ಇನ್ನೊಂದು ಬಣ್ಣ ಬಿಡುತ್ತಾರೆ. ಕೋಶದ ನಡುವೆ ಚುಕ್ಕೆಯೊಂದು ಹೊಳೆದರೆ ಅದು ಹೊಸ ಶ್ವಾಸಕೋಶದ ಗೋಡೆಯಿಂದ ಬಂದದ್ದು. ಹೊಳೆಯದಿದ್ದರೆ ಆಕೆಯದೇ ಮೈಯ ಬೇರೆಲ್ಲಿಂದಲೋ ಬಂದಿರಬಹುದು, ಅಥವಾ ದಾನಿಯ ಗೋಡೆಯಲ್ಲಿ ಬಿದ್ದ ತೂತನ್ನು ಮುಚ್ಚಲು ಆಕೆಯ ಸ್ವಂತ ಕೋಶಗಳೇ ಹೋಗಿ ನೆಲೆಸಿ, ಅವುಗಳಲ್ಲೊಂದು ಈಗ ಕಳಚಿ ಬಂದಿರಬಹುದು.